ಜಲಜಾ ಮೇಡಂ ಓದಿದ ಉತ್ತರಗಳು

ಜಲಜಾ ಮೇಡಂ ಅವರನ್ನು ಕೆಲಸದಿಂದ ತೆಗೆದ ಕಾಗದಕ್ಕೆ ಸಹಿ ಹಾಕಿದವನು ನಾನು. ಅವರ ಕತೆ ಹೇಳುವ ಯೋಗ್ಯತೆ ನನಗೆ ಎಷ್ಟಿದೆಯೋ ಗೊತ್ತಿಲ್ಲ. ಆದರೆ ಸಿಂಗಪುರದಲ್ಲಿ ಅವರನ್ನು ನನ್ನಷ್ಟಾದರೂ ಬಲ್ಲವರು ಬೇರೆ ಯಾರೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಾನು ಬಲ್ಲದ್ದೂ ಅಷ್ಟರಲ್ಲೇ ಇತ್ತು.

೨೦೧೧ರಲ್ಲಿ ನಾನು ಬೆಂಗಳೂರಿನಿಂದ ಹೋಗಿ ಸಿಂಗಪುರದ ಟೋವಾ ಪಾಯೋದ ಒಂದು ಅಭಿಪ್ರಾಯ ಸಂಗ್ರಹ ಕಂಪನಿಯಲ್ಲಿ ಟೀಮ್ ಲೀಡ್ ಆಗಿ ಸೇರಿದೆ. ಕಂಪನಿಯ ಯುರೋಪಿನ ಆಫೀಸುಗಳವರು ಅಲ್ಲಿನ ಜನರಿಗೆ ಸಂಜೆ ಹೊತ್ತು ಫೋನ್ ಮಾಡಿ ಪ್ರಶ್ನೆ ಕೇಳುತ್ತಿದ್ದರು. ಅವರು ಮಲಗಿ ಏಳುವಷ್ಟರಲ್ಲಿ ಆ ಉತ್ತರಗಳನ್ನು ಓದಿ ವಿಂಗಡಿಸಿ ಕೊಡುವುದು ನಮ್ಮ ಕೆಲಸ. ಇದಕ್ಕೆ ಕೋಡಿಂಗ್ ಎನ್ನುತ್ತಿದ್ದೆವು. ಸಾಫ್ಟ್‌ವೇರ್‌ನವರ ಕೋಡಿಂಗ್ ಅಲ್ಲ. ಒಬ್ಬ ಮನುಷ್ಯ ಆಡಿದ ಮಾತನ್ನು ಓದಿ, ಅದಕ್ಕೊಂದು ನಂಬರ್ ಕೊಡುವುದು, ಅಷ್ಟೆ. ಜರ್ಮನ್ ಉತ್ತರಗಳೆಲ್ಲ ಜಲಜಾ ಮೇಡಂ ಪಾಲಿಗೆ ಬರುತ್ತಿದ್ದವು.

ಅವರಿಗೆ ಆಗ ಐವತ್ತೊಂದು ವರ್ಷ. ಮೈಸೂರಿನ ಕೃಷ್ಣಮೂರ್ತಿಪುರಂನವರು. ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಜರ್ಮನ್ ಕಲಿತರು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಓದಲು ಸ್ಕಾಲರ್‌ಶಿಪ್ ಕೂಡ ಸಿಕ್ಕಿತ್ತು. ಹೊರಡುವ ತಿಂಗಳಲ್ಲಿ ತಂದೆಗೆ ಲಕ್ವ ಹೊಡೆಯಿತು. ಮನೆಯಲ್ಲಿ ನೋಡಿಕೊಳ್ಳುವವರು ಇವರೊಬ್ಬರೇ. ಹನ್ನೊಂದು ವರ್ಷ ತಂದೆಯ ಹಾಸಿಗೆಯ ಪಕ್ಕದಲ್ಲಿ ಕೂತು ಯಂತ್ರಗಳ ಕೈಪಿಡಿಗಳನ್ನು ಅನುವಾದ ಮಾಡಿದರು. ತಂದೆ ಹೋದ ಮೇಲೆ, ೧೯೯೪ರಲ್ಲಿ, ಮುದ್ರಣಯಂತ್ರ ತಯಾರಿಸುವ ಒಂದು ಜರ್ಮನ್ ಕಂಪನಿ ಅವರನ್ನು ಸಿಂಗಪುರದ ಶಾಖೆಗೆ ಕರೆಸಿಕೊಂಡಿತು. ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತಂತೆ. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಿಂಗಪುರದ ಪೌರತ್ವ ತೆಗೆದುಕೊಂಡು ಯಿಶುನ್‌ನಲ್ಲಿ ಒಂದು ಹಳೆಯ ಮೂರು ರೂಮಿನ ಫ್ಲ್ಯಾಟ್ ಕೊಂಡರು. ಆ ಕಂಪನಿ ಅನುವಾದದ ವಿಭಾಗ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಜರ್ಮನಿಯ ನೆಲವನ್ನು ಅವರು ಒಮ್ಮೆಯೂ ಮೆಟ್ಟಿರಲಿಲ್ಲ.

ವರ್ಷಕ್ಕೊಮ್ಮೆ ನಮಗೆ ಒಂದು ದೊಡ್ಡ ಕೆಲಸ ಬರುತ್ತಿತ್ತು. ಯುರೋಪಿನ ಐದು ದೇಶಗಳ ಜನರನ್ನು ಅಮೆರಿಕದ ಬಗ್ಗೆ ಕೇಳುವ ಸರ್ವೆ. ಹೆಚ್ಚಿನವು ಹೌದು-ಅಲ್ಲ ಎನ್ನುವ ಪ್ರಶ್ನೆಗಳು. ಕೊನೆಯದು ಮಾತ್ರ ಹಾಗಲ್ಲ: “ಅಮೆರಿಕದ ಅಧ್ಯಕ್ಷರ ವಿದೇಶಾಂಗ ನೀತಿ ಎಂದಾಗ ನಿಮ್ಮ ಮನಸ್ಸಿಗೆ ಮೊದಲು ಏನು ಬರುತ್ತದೆ? ನಿಮ್ಮದೇ ಮಾತಿನಲ್ಲಿ ಹೇಳಿ.” ಜರ್ಮನಿಯಿಂದಲೇ ಸಾವಿರಕ್ಕೂ ಮೇಲ್ಪಟ್ಟು ಉತ್ತರಗಳು ಬರುತ್ತಿದ್ದವು. ಯುದ್ಧದ ಭಯ ಎಂದರೆ ಹನ್ನೆರಡು, ಗೂಢಚರ್ಯೆ ಎಂದರೆ ಹದಿಮೂರು, ನಂಬಿಕೆ ಎಂದರೆ ಇಪ್ಪತ್ತೊಂದು. ಪ್ರಶ್ನೆಗೆ ಸಂಬಂಧವೇ ಇಲ್ಲದ ಮಾತಿಗೆ ತೊಂಬತ್ತೆಂಟು.

ಬೇರೆಯವರು ಗಂಟೆಗೆ ನೂರು ಉತ್ತರ ಮುಗಿಸಿದರೆ ಜಲಜಾ ಮೇಡಂ ಅರವತ್ತು ಮುಗಿಸುತ್ತಿದ್ದರು. ನಾನು ಹೊಸಬ, ಕೇಳಲೇಬೇಕಾಗಿತ್ತು.

“ಮೇಡಂ, ಸ್ವಲ್ಪ ಸ್ಪೀಡ್ ಮಾಡ್ಬೋದಾ? ಪೂರ್ತಿ ಓದೋದೇನು ಬೇಡ, ಕೀವರ್ಡ್ ಸಿಕ್ರೆ ಸಾಕು.”

“ಪೂರ್ತಿ ಓದ್ದೆ ಹ್ಯಾಗೆ ಗೊತ್ತಾಗುತ್ತೆ, ಹರ್ಷ?” ಎಂದರು. “ಇಲ್ನೋಡಿ, ಒಬ್ರು ಯುದ್ಧ ಅಂತ ಬರೆಸಿದಾರೆ. ಹಿಂದಿನ ಅಧ್ಯಕ್ಷರು ಇರಾಕ್‌ಗೆ ಹೋಗಿದ್ದರ ಕೋಪ ಅದು, ಈಗಿನವ್ರ ಮೇಲಲ್ಲ. ಹನ್ನೆರಡು ಕೊಟ್ರೆ ತಪ್ಪಾಗುತ್ತೆ.”

ಅವರ ಕೋಡ್‌ಗಳಲ್ಲಿ ತಪ್ಪು ಹುಡುಕಿದವರಿಗೆ ತಪ್ಪು ಸಿಗುತ್ತಿರಲಿಲ್ಲ. ಮೊದಲ ಸಾಲು ಓದಿದರೆ ಸಾಕು, ಇದು ಜರ್ಮನಿಯ ಪೂರ್ವದ ಕಡೆಯವರ ಮಾತು, ಇದು ಪಶ್ಚಿಮದವರದ್ದು ಎಂದು ಹೇಳುತ್ತಿದ್ದರು. ಮಧ್ಯಾಹ್ನ ಎಲ್ಲರೂ ಗುಂಪಾಗಿ ಸಾಲುಸಾಲು ಊಟದಂಗಡಿಗಳ ಹಾಕರ್ ಸೆಂಟರ್‌ಗೆ ಹೋಗುವಾಗ ಅವರು ಪ್ಯಾಂಟ್ರಿಯಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದರು. ಮೊದಮೊದಲು ಕರೆದೆವು. ಆಮೇಲೆ ಬಿಟ್ಟೆವು.

೨೦೧೨ರಲ್ಲಿ ಅವರಿಗೆ ೪೪೭೧ ಸಿಕ್ಕಿತು. ಆ ಸರ್ವೆಯಲ್ಲಿ ಪ್ರತಿ ವರ್ಷವೂ ಅದೇ ಜನರನ್ನು ಕೇಳುತ್ತಿದ್ದರು. ಹೆಸರು ನಮಗೆ ಗೊತ್ತಾಗುತ್ತಿರಲಿಲ್ಲ, ನಂಬರ್ ಮಾತ್ರ. ೪೪೭೧ ಎಂದರೆ ಹೆಸ್ಸೆನ್ ರಾಜ್ಯದ ಹೆಂಗಸು, ವಯಸ್ಸು ಎಪ್ಪತ್ಮೂರು, ಮನೆಯಲ್ಲಿ ಒಬ್ಬರೇ. ಆಕೆಯ ಉತ್ತರ ಹೀಗಿತ್ತು: “ಸಾವಿರದ ಒಂಬೈನೂರ ನಲವತ್ತೈದರಲ್ಲಿ ನನಗೆ ಆರು ವರ್ಷ. ಅಮೆರಿಕದ ಸೈನಿಕರು ನಮ್ಮ ಮನೆಯಲ್ಲಿ ಮೂರು ವಾರ ಇದ್ದರು. ನಾವು ಅಟ್ಟದ ಮೇಲೆ ಮಲಗಿದೆವು. ಹೊರಡುವ ದಿನ ಅವರಲ್ಲೊಬ್ಬ, ಯಾರೂ ಕೇಳದೆ, ಮುಚ್ಚಿಕೊಳ್ಳದಿದ್ದ ನಮ್ಮ ಅಡುಗೆಮನೆಯ ಬಾಗಿಲನ್ನು ಉಜ್ಜುಗೊರಡು ಹಿಡಿದು ಸರಿಮಾಡಿಕೊಟ್ಟ. ಅಲ್ಲಿಂದೀಚೆಗೆ ಅವರ ಪ್ರತಿ ಅಧ್ಯಕ್ಷರನ್ನೂ ಆ ಮನುಷ್ಯನ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತೇನೆ. ಈಗಿನವರು ಮಾತು ಚೆನ್ನಾಗಿ ಆಡುತ್ತಾರೆ. ಕೈಗೆ ಉಜ್ಜುಗೊರಡು ತೆಗೆದುಕೊಳ್ಳುತ್ತಾರೋ ಇಲ್ಲವೋ, ನೋಡಬೇಕು.”

ಜಲಜಾ ಮೇಡಂ ಇದನ್ನು ಕನ್ನಡದಲ್ಲಿ ನನಗೆ ಓದಿ ಹೇಳಿದರು. ಅದಕ್ಕೆ ಯಾವ ನಂಬರ್ ಕೊಡಬೇಕೆಂದು ಇಬ್ಬರೂ ಕಾಲು ಗಂಟೆ ಮಾತಾಡಿದೆವು. ಕೊನೆಗೆ ಇಪ್ಪತ್ತೊಂದು ಕೊಟ್ಟರು, ನಂಬಿಕೆ.

ಮಾರನೆಯ ವರ್ಷ ಅಮೆರಿಕದವರು ಜರ್ಮನಿಯ ಫೋನ್‌ಗಳಿಗೆ ಕಿವಿಯಿಟ್ಟಿದ್ದಾರೆ, ದೇಶದ ನಾಯಕಿಯ ಫೋನನ್ನೂ ಬಿಟ್ಟಿಲ್ಲ ಎಂಬ ಸುದ್ದಿ ಎದ್ದಿತು. ಆ ಸಲದ ಸರ್ವೆ ನವೆಂಬರ್‌ನಲ್ಲಿ ಬಂತು. ನಾಲ್ಕೈದು ವರ್ಷಗಳ ಹಿಂದೆ ಅಧ್ಯಕ್ಷರನ್ನು ಹೊಗಳಿ ಸುಸ್ತಾಗದ ಜನ ಈಗ ಬೈದು ಸುಸ್ತಾಗಲಿಲ್ಲ. ಪುಟಗಟ್ಟಲೆ ಹದಿಮೂರು. ಅವುಗಳ ನಡುವೆ ೪೪೭೧: “ನಮ್ಮ ಫೋನ್‌ಗಳನ್ನು ಕದ್ದು ಕೇಳುತ್ತಾರಂತೆ. ನನ್ನದನ್ನೂ ಕೇಳಲಿ. ಮಾರ್ಚ್‌ನಲ್ಲಿ ನನ್ನ ತಂಗಿ ತೀರಿಕೊಂಡಳು. ಆಮೇಲೆ ಈ ಫೋನ್ ಬಡಿದುಕೊಂಡಿಲ್ಲ. ವಾಷಿಂಗ್ಟನ್‌ನಲ್ಲಿ ಯಾರಾದರೂ ಒಬ್ಬರು ಕಿವಿಯಿಟ್ಟುಕೊಂಡು ಕೂತಿದ್ದರೆ ಪಾಪ, ಅವರಿಗೂ ಬೇಸರ ಬಂದಿರಬೇಕು.”

ಈ ಉತ್ತರ ಆಫೀಸಿನಲ್ಲೆಲ್ಲ ಹರಡಿತು. ಹರಡಿದವನು ನಾನೇ. ಮೇಡಂ ಹೇಳಿದ್ದನ್ನು ಇಂಗ್ಲಿಷ್‌ಗೆ ತಿರುಗಿಸಿ, ವಾರದ ಅತ್ಯುತ್ತಮ ಉತ್ತರ ಎಂದು ಬೋರ್ಡ್ ಮೇಲೆ ಬರೆದೆ. ಎಲ್ಲರೂ ನಕ್ಕರು. ಜಲಜಾ ಮೇಡಂ ಎದ್ದು ಬೋರ್ಡಿನ ಹತ್ತಿರ ಬಂದರು.

“ಇದನ್ನ ಅಳಿಸಿಬಿಡಿ ಹರ್ಷ.”

“ಯಾಕೆ ಮೇಡಂ? ಹೆಸರೇನೂ ಹಾಕಿಲ್ವಲ್ಲ.”

“ಅವ್ರು ಜೋಕ್ ಮಾಡಿಲ್ಲ.”

ಅಳಿಸಿದೆ. ಅವರು ಅದಕ್ಕೆ ತೊಂಬತ್ತೆಂಟು ಕೊಡಲಿಲ್ಲ, ಹದಿಮೂರೂ ಕೊಡಲಿಲ್ಲ. ಇತರೆ ಎಂಬ ಖಾನೆಗೆ ಹಾಕಿ, ಪಕ್ಕದಲ್ಲಿ ತಮ್ಮ ಟಿಪ್ಪಣಿ ಬರೆದರು. ಆ ಟಿಪ್ಪಣಿಗಳನ್ನು ಯಾರೂ ಓದುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ೨೦೧೪ರಲ್ಲಿ ಆಕೆ ಮಂಡಿಯ ಆಪರೇಷನ್ ಆಗಿದ್ದರಿಂದ ಅಧ್ಯಕ್ಷರ ಬಗ್ಗೆ ಯೋಚಿಸಲು ಆಗಲಿಲ್ಲ, ಕ್ಷಮಿಸಿ ಎಂದಿದ್ದರು. ೨೦೧೫ರಲ್ಲಿ ಮೇಲಿನ ಮನೆಗೆ ಸಿರಿಯಾದ ಒಂದು ಸಂಸಾರ ಬಂದಿತ್ತು. “ಅಲ್ಲಿ ಯಾರು ಬಾಂಬು ಹಾಕಿದರು, ಯಾರು ಹಾಕುತ್ತೇನೆಂದು ಹೇಳಿ ಹಾಕಲಿಲ್ಲ, ಯಾವುದು ಹೆಚ್ಚು ತಪ್ಪು ಎಂದು ನನಗೆ ತೀರ್ಮಾನ ಮಾಡಲಾಗುತ್ತಿಲ್ಲ. ಸಂಜೆ ಮೇಲೆ ಮಗು ಓಡಾಡುವ ಸದ್ದು ಕೇಳುತ್ತದೆ. ನಾನು ದೂರು ಕೊಟ್ಟಿಲ್ಲ.” ಸರ್ವೆಯ ಫೈಲ್ ಬಂದ ದಿನ ಜಲಜಾ ಮೇಡಂ ಮೊದಲು ೪೪೭೧ ಹುಡುಕಿ, ಇದೆ ಎಂದು ಖಚಿತ ಮಾಡಿಕೊಂಡು, ಓದದೆ ಬಿಟ್ಟು, ಒಂದನೆಯ ಉತ್ತರದಿಂದ ಶುರುಮಾಡುತ್ತಿದ್ದರಂತೆ. ಸರದಿಯಲ್ಲಿ ಬಂದಾಗ ಓದಲು. ಇದನ್ನು ಅವರು ನನಗೆ ಹೇಳಿದ್ದು ಬಹಳ ತಡವಾಗಿ.

೨೦೧೬ರ ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆಯ ಫಲಿತಾಂಶ ಬಂದಾಗ ಸಿಂಗಪುರದಲ್ಲಿ ಬುಧವಾರದ ಮಧ್ಯಾಹ್ನ. ಆಫೀಸಿನಲ್ಲಿ ಒಬ್ಬರೂ ಕೆಲಸ ಮಾಡಲಿಲ್ಲ. ಎಲ್ಲರ ಕೈಯಲ್ಲೂ ಫೋನ್. ನೀನೇನಂತೀಯ, ಅವನೇನಂತಾನೆ, ಇನ್ನು ಯುರೋಪ್ ಗತಿಯೇನು ಎಂದು ಒಬ್ಬರನ್ನೊಬ್ಬರು ಕೇಳಿದ್ದೇ ಕೇಳಿದ್ದು. ಫ್ರೆಂಚ್ ನೋಡುತ್ತಿದ್ದ ಹುಡುಗಿಯನ್ನು ಕೇಳಿದರು, ಟೀ ತಂದುಕೊಡುವ ಚೀನೀ ಆಂಟಿಯನ್ನು ಕೇಳಿದರು. ಅಮೆರಿಕದ ಅಧ್ಯಕ್ಷರ ಬಗ್ಗೆ ಯುರೋಪಿನವರು ಏನೆನ್ನುತ್ತಾರೆಂದು ಒಂಬತ್ತು ವರ್ಷ ಸಾಲುಸಾಲಾಗಿ ಓದಿದ್ದ ಜಲಜಾ ಮೇಡಂ ಕಿಟಕಿಯ ಪಕ್ಕದ ತಮ್ಮ ಜಾಗದಲ್ಲಿ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ನಾನು ಅವರ ಪಕ್ಕದಿಂದಲೇ ಎರಡು ಸಲ ಹಾದುಹೋದೆ.

ಹೊಸ ಅಧ್ಯಕ್ಷರು ಬಂದ ಮೇಲಿನ ಮೊದಲ ಸರ್ವೆ ೨೦೧೭ರ ಮೇ ತಿಂಗಳಲ್ಲಿ ಬಂತು. ಉತ್ತರಗಳು ಹಿಂದೆಂದಿಗಿಂತಲೂ ಉದ್ದವಾಗಿದ್ದವು. ಕೆಲವರು ಬೈದಿದ್ದರು, ಕೆಲವರು ನಕ್ಕಿದ್ದರು, ಅಪರೂಪಕ್ಕೊಬ್ಬರು ಇವರೇ ಸರಿ ಎಂದಿದ್ದರು. ೪೪೭೧ಕ್ಕೆ ಎಪ್ಪತ್ತೆಂಟು ವರ್ಷ: “ಅಮೆರಿಕದವರು ಇನ್ನು ನಮ್ಮನ್ನು ನಮ್ಮ ಪಾಡಿಗೆ ಬಿಟ್ಟುಬಿಡುತ್ತಾರೆಂದು ಟೀವಿಯಲ್ಲಿ ದಿನಾ ಹೇಳುತ್ತಾರೆ. ಹೋಗುವವರನ್ನು ಹಿಡಿದುಕೊಂಡು ನಿಲ್ಲಿಸಬಾರದು. ನನಗೆ ಭಯವಿಲ್ಲ, ಬೇಸರ. ಸಿರಿಯಾದವರೂ ಬೇರೆ ಊರಿಗೆ ಹೋದರು. ನೀವು ಪ್ರತಿ ವರ್ಷ ಹೆಸರು ಬೇಡ ಎನ್ನುತ್ತೀರಿ. ಈ ಸಲ ಬರೆದುಕೊಳ್ಳಿ. ಇದನ್ನು ಹೇಳಿದ್ದು ಲೋರೆ ಬೆಂಡರ್.” ಅದರ ಮುಂದೆ ಬೀದಿ, ಮನೆ ನಂಬರ್, ಊರು.

ಫೋನ್ ಮಾಡಿದ ಹುಡುಗ ಎಲ್ಲವನ್ನೂ ಹಾಗೆಯೇ ಟೈಪ್ ಮಾಡಿಬಿಟ್ಟಿದ್ದ. ಅಂಥದ್ದು ಬಂದರೆ ಅಳಿಸಬೇಕೆಂಬುದು ನಿಯಮ. ಜಲಜಾ ಮೇಡಂ ಅಳಿಸಿದರು. ಆದರೆ ಓದಿ ಆಗಿತ್ತು.

ಅವರು ಆ ಭಾನುವಾರ ಬೆಳಿಗ್ಗೆ ಕಾಗದ ಬರೆಯಲು ಕೂತು ಸಂಜೆ ಎದ್ದರಂತೆ. ನಾಲ್ಕು ಪುಟ, ಕೈಬರಹ. ತಾನು ಯಾರು, ಎಲ್ಲಿಯವಳು, ಐದು ವರ್ಷದಿಂದ ಅವರ ಉತ್ತರಗಳನ್ನು ಓದುತ್ತಿರುವುದು, ತಂಗಿಯ ಸುದ್ದಿ ಓದಿದ ದಿನ ರೈಲಿನಲ್ಲಿ ತನ್ನ ಸ್ಟೇಷನ್ ದಾಟಿ ಮುಂದೆ ಹೋಗಿಬಿಟ್ಟದ್ದು, ಆ ಅಡುಗೆಮನೆಯ ಬಾಗಿಲು ಈಗಲೂ ಸರಿಯಾಗಿ ಮುಚ್ಚಿಕೊಳ್ಳುತ್ತದೆಯೇ ಎಂಬ ಪ್ರಶ್ನೆ. ಸೋಮವಾರ ಕೆಲಸಕ್ಕೆ ಬರುವ ದಾರಿಯಲ್ಲಿ ಪೋಸ್ಟ್ ಮಾಡಿದರು.

ಮೂರು ವಾರದ ಮೇಲೆ ಜರ್ಮನಿಯ ಆಫೀಸಿನಿಂದ ನನಗೆ ಮೇಲ್ ಬಂತು. ಲೋರೆ ಬೆಂಡರ್ ಅವರ ಅಣ್ಣನ ಮಗ ದೂರು ಕೊಟ್ಟಿದ್ದ. ಫೋನಿನಲ್ಲಿ ಗುಟ್ಟಾಗಿ ಇರುತ್ತದೆಂದು ಮಾತು ಕೊಟ್ಟು ಕೇಳಿದ ಉತ್ತರಗಳು ಸಿಂಗಪುರದ ಅಪರಿಚಿತ ಹೆಂಗಸಿಗೆ ಹೇಗೆ ತಿಳಿದವು? ನನ್ನ ಅತ್ತೆ ಎರಡು ರಾತ್ರಿ ನಿದ್ದೆ ಮಾಡಿಲ್ಲ. ಅಮೆರಿಕದವರು ಮಾಡಿದ್ದಕ್ಕೂ ನೀವು ಮಾಡಿದ್ದಕ್ಕೂ ಏನು ವ್ಯತ್ಯಾಸ? ಮೇಲ್‌ನ ಕೊನೆಯಲ್ಲಿ ನಮ್ಮವರು ಒಂದೇ ಸಾಲು ಬರೆದಿದ್ದರು: ಆ ಉದ್ಯೋಗಿ ಇನ್ನು ಮುಂದುವರಿಯುವಂತಿಲ್ಲ.

ಮೀಟಿಂಗ್ ರೂಮಿಗೆ ಕರೆದೆ. ಕಾಗದದ ಸ್ಕ್ಯಾನ್ ಲ್ಯಾಪ್‌ಟಾಪ್‌ನಲ್ಲಿತ್ತು. ಅವರು ತಮ್ಮ ಅಕ್ಷರವನ್ನು ನೋಡಿದರು.

“ನಿದ್ದೆ ಮಾಡಿಲ್ವಂತಾ?” ಎಂದರು. ಮೊದಲು ಕೇಳಿದ್ದು ಅದನ್ನೇ.

“ಹಾಗಂತ ಬರೆದಿದಾರೆ.”

“ನಾನು ಹೆದರಿಸೋಕೆ ಬರೀಲಿಲ್ಲ ಹರ್ಷ. ಹೆಸರು ಬರ್ಕೊಳ್ಳಿ ಅಂದಿದ್ರು. ಯಾರಾದ್ರೂ ಒಬ್ರು ಬರ್ಕೊಳ್ಳಲಿ ಅಂತಿರ್ಬೇಕು ಅಂದ್ಕೊಂಡೆ.”

“ನಮಗೆ ಹೇಳಿದ್ದಲ್ಲ ಮೇಡಂ ಅದು. ಸರ್ವೆಗೆ ಹೇಳಿದ್ದು.”

“ಸರ್ವೆ ಅಂದ್ರೆ ಯಾರು? ಓದೋಳು ನಾನೊಬ್ಳೇ ತಾನೆ?”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಒಂದು ಎಚ್ಚರಿಕೆಯ ಪತ್ರ ಕೊಟ್ಟು ಬಿಡಿ, ಬೇರೆ ಪ್ರಾಜೆಕ್ಟ್‌ಗೆ ಹಾಕುತ್ತೇನೆ ಎಂದು ನಾನು ಜರ್ಮನಿಗೆ ಬರೆಯಬಹುದಿತ್ತು. ಬರೆಯಲಿಲ್ಲ. ಆ ತಿಂಗಳು ನನ್ನ ಪ್ರಮೋಷನ್ ಮಾತು ನಡೆಯುತ್ತಿತ್ತು, ಮಗಳು ಧೃತಿಗೆ ಆಗತಾನೆ ಎರಡು ತುಂಬಿತ್ತು, ನನಗೆ ಯಾವ ಗಲಾಟೆಯೂ ಬೇಡವಾಗಿತ್ತು. ಸಹಿ ಹಾಕಿದೆ. ಅವರೂ ಹಾಕಿದರು. ದಪ್ಪ ನಿಘಂಟು, ಒಂದು ಕಾರ್ಡಿಗನ್, ಊಟದ ಡಬ್ಬಿ, ಇಷ್ಟೇ ಅವರ ಮೇಜಿನ ಮೇಲಿದ್ದದ್ದು. ಲಿಫ್ಟ್‌ವರೆಗೆ ಬಿಡಲು ಹೋದೆ.

“ನೀನು ಹೋಗು, ಕೆಲಸ ಇರುತ್ತೆ,” ಎಂದರು. ಆರು ವರ್ಷದಲ್ಲಿ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಕೋಪವೋ ಸಲುಗೆಯೋ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಅನಘಾಗೆ ಹೇಳಿದಾಗ ಅವಳು, “ಅವ್ರಿಗೆ ಇಲ್ಲಿ ಯಾರಿದಾರೆ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. “ಆರು ವರ್ಷ ಒಟ್ಟಿಗೆ ಕೆಲಸ ಮಾಡಿ ಗೊತ್ತಿಲ್ವಾ?” ಎಂದಳು. ಆದರೂ ನಾವಿದ್ದ ಟ್ಯಾಂಪಿನೀಸ್‌ನಿಂದ ಅವರ ಯಿಶುನ್‌ಗೆ ಹೋಗಲು ನನಗೆ ಐದು ತಿಂಗಳು ಬೇಕಾಯಿತು. ನವೆಂಬರ್‌ನ ಒಂದು ಶನಿವಾರ, ಫೋನ್ ಮಾಡಿ ಕೇಳಿ, ಅನಘಾ ಕಟ್ಟಿಕೊಟ್ಟ ಚಕ್ಕುಲಿ ತೆಗೆದುಕೊಂಡು ಹೋದೆ.

ಏಳನೆಯ ಮಹಡಿ. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ. ಒಳಗೆ ಎಲ್ಲವೂ ಅದರದರ ಜಾಗದಲ್ಲಿತ್ತು. ಅಲ್ಲಿ ಇಲ್ಲಿ ಸರಿಸುವ ಇನ್ನೊಂದು ಕೈ ಆ ಮನೆಯಲ್ಲಿ ಇಲ್ಲವೆಂಬುದು ಕಾಣುತ್ತಿತ್ತು. ಜಲಜಾ ಮೇಡಂ ಸ್ವಲ್ಪ ಇಳಿದಿದ್ದರು. ಕಾಫಿ ಕೊಟ್ಟರು, ಮಗುವಿನ ಫೋಟೋ ಕೇಳಿ ನೋಡಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೋಗಿ ಒಂದು ಲಕೋಟೆ ತಂದರು.

“ಅವ್ರು ಬರೆದ್ರು, ಲೋರೆ ಬೆಂಡರ್. ಆಗಸ್ಟ್‌ನಲ್ಲೇ ಬಂತು. ನಾನು ಅವ್ರ ಉತ್ತರಗಳನ್ನ ಹೇಳ್ತಿದ್ದೆನಲ್ಲ, ಇದನ್ನೂ ಕೇಳು.”

ಒಂದೇ ಪುಟ. ಅವರು ಕನ್ನಡ ಮಾಡಿಕೊಂಡು ನಿಧಾನವಾಗಿ ಓದಿದರು.

“ಮಾನ್ಯ ಶ್ರೀಮತಿ ಜಲಜಾ ಅವರಿಗೆ. ನಿಮ್ಮನ್ನು ಕೆಲಸದಿಂದ ತೆಗೆದಿದ್ದಾರೆಂದು ಅಣ್ಣನ ಮಗ ಹೇಳಿದ. ತೆಗೆಯಿರಿ ಎಂದು ನಾನು ಹೇಳಿರಲಿಲ್ಲ, ಅದು ನನ್ನ ಇಷ್ಟವೂ ಅಲ್ಲ. ನಿಮ್ಮ ಕಾಗದ ಓದಿದರೆ ನೀವು ಕೆಟ್ಟವರಲ್ಲ ಎಂದು ಗೊತ್ತಾಗುತ್ತದೆ. ಆದರೆ ನನ್ನ ತಂಗಿಯ ಸಾವಿನ ಮಾತು ನನ್ನ ಅಡುಗೆಮನೆಯಿಂದ ಅಷ್ಟು ದೂರ ಹೋಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಒಬ್ಬ ಹುಡುಗನೊಡನೆ ಮಾತಾಡುತ್ತಿದ್ದೆ, ಅವನು ಮರೆತುಬಿಡುತ್ತಾನೆ ಎಂದುಕೊಂಡು ಮಾತಾಡುತ್ತಿದ್ದೆ. ಮರೆಯದವರು ಒಬ್ಬರಿದ್ದಾರೆಂದು ತಿಳಿದಿದ್ದರೆ ನಾನು ಬರೀ ಅಧ್ಯಕ್ಷರ ವಿಷಯ ಹೇಳುತ್ತಿದ್ದೆ. ದಯವಿಟ್ಟು ಇನ್ನು ಬರೆಯಬೇಡಿ. ನಿಮ್ಮ ಜರ್ಮನ್ ತುಂಬಾ ಚೆನ್ನಾಗಿದೆ. ಎರಡನೆಯ ಪುಟದ ಮೂರನೆಯ ಸಾಲಿನಲ್ಲಿ ವಿಭಕ್ತಿ ತಪ್ಪಿದೆ. ನಾನು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಕಣ್ಣಿಗೆ ಬಿತ್ತು.”

ಅವರು ಕಾಗದ ಮಡಚಿದರು.

“ವಿಭಕ್ತಿ ತಪ್ಪಿತ್ತಾ?” ಎಂದೆ.

“ವ್ಯಾಕರಣ ತೆಗೆದು ನೋಡಿದೆ. ತಪ್ಪೇ.” ಸಣ್ಣಗೆ ನಕ್ಕರು. “ಮೂವತ್ತೈದು ವರ್ಷ ಆಯ್ತು ನಾನು ಜರ್ಮನ್ ಕಲಿತು. ಮ್ಯಾನ್ಯುಅಲ್ ಓದಿದೀನಿ, ಗ್ಯಾರಂಟಿ ಕಾರ್ಡ್ ಓದಿದೀನಿ, ಸಾವಿರಗಟ್ಲೆ ಜನರ ಅಭಿಪ್ರಾಯ ಓದಿದೀನಿ. ನನ್ನ ಹೆಸರಿಗೆ ಅಂತ ಆ ಭಾಷೇಲಿ ಬಂದ ಮೊದಲ್ನೇ ಕಾಗದ ಇದು ಹರ್ಷ. ಬರೀಬೇಡಿ ಅಂತ.”

“ಥ್ಯಾಂಕ್ಸ್ ಅಂತಾದ್ರೂ ಒಂದು ಲೈನ್ ಬರೀಬೋದಿತ್ತಲ್ವಾ?”

“ಬರೀಬೇಡಿ ಅಂದಿದಾರಲ್ಲ.” ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ನನ್ನನ್ನು ನೋಡಿದರು. “ಒಂದ್ಸಲ ಕೇಳಿಸ್ಕೊಳ್ದೆ ತಪ್ಪು ಮಾಡಿದೆ. ಇನ್ನೊಂದ್ಸಲ ಮಾಡ್ಲಾ?”

ಆಗ ನಾನು ಬೋರ್ಡಿನ ವಿಷಯ ತೆಗೆದೆ. ಎಚ್ಚರಿಕೆಯ ಪತ್ರಕ್ಕೆ ಕೇಳಬಹುದಿತ್ತು, ಕೇಳಲಿಲ್ಲ ಎಂಬುದನ್ನೂ ಹೇಳಿದೆ. ಅವರು ಚಕ್ಕುಲಿ ಮುರಿಯುತ್ತಾ ಕೇಳಿಸಿಕೊಂಡರು. ಪರವಾಗಿಲ್ಲ ಎನ್ನಲಿಲ್ಲ. ಬೈಯಲೂ ಇಲ್ಲ. “ಸರಿ, ಹೇಳಿದ್ಯಲ್ಲ,” ಎಂದರು. ಊಟಕ್ಕೆ ಏಳು ಎಂದರು. ಅವರು ಮಾಡಿಟ್ಟಿದ್ದ ಅನ್ನ ಒಬ್ಬರಿಗಾಗುವಷ್ಟೇ ಇತ್ತು. ನನಗಾಗಿ ಮತ್ತೆ ಅಕ್ಕಿ ತೊಳೆದಿಟ್ಟರು. ಅದು ಬೇಯುವ ತನಕ ಇಬ್ಬರೂ ಅಡುಗೆಮನೆಯಲ್ಲೇ ನಿಂತಿದ್ದೆವು. ಆಗ ನಾನು, ಬಹಳ ವರ್ಷ ತಡವಾಗಿ, ಕೇಳಿದೆ. ಹೊಸ ಅಧ್ಯಕ್ಷರ ಬಗ್ಗೆ ನಿಮಗೇನನ್ನಿಸುತ್ತೆ ಮೇಡಂ?

ಅವರು ನಿಜವಾಗಿಯೂ ಯೋಚನೆ ಮಾಡಿದರು. ಒಲೆಯ ಉರಿ ಸಣ್ಣ ಮಾಡಿದರು. “ನಂಗೆ ಗೊತ್ತಿಲ್ಲ ಕಣೋ,” ಎಂದರು. “ಜರ್ಮನ್ನರಿಗೆ ಏನನ್ಸುತ್ತೆ ಅಂತ ಹೇಳ್ಬಲ್ಲೆ. ಊರು, ವಯಸ್ಸು ಹೇಳಿದ್ರೆ ಇನ್ನೂ ಕರೆಕ್ಟಾಗಿ ಹೇಳ್ಬಲ್ಲೆ. ನನಗೇ ಏನನ್ಸುತ್ತೆ ಅಂತ ನೋಡ್ಕೊಂಡೇ ಇಲ್ಲ.”

ಮರುವರ್ಷ ಆ ಸರ್ವೆ ಬಂದಾಗ ಉತ್ತರಗಳಿಗೆ ನಂಬರ್ ಕೊಡುವ ಕೆಲಸ ಒಂದು ಸಾಫ್ಟ್‌ವೇರ್‌ನ ಪಾಲಾಗಿತ್ತು. ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು. ೪೪೭೧ರ ಮುಂದೆ, ಸರ್ವೆಯಿಂದ ಹೊರಗೆ ಹೋಗಿದ್ದಾರೆ ಎಂದು ಮಾತ್ರ ಇತ್ತು. ಜಲಜಾ ಮೇಡಂಗೆ ನಾನು ಅದನ್ನು ಹೇಳಲಿಲ್ಲ. ಹೇಳುವ ಹಕ್ಕು ನನಗೂ ಇರಲಿಲ್ಲ.

ಆಮೇಲೆ ಎರಡು ಸಲ ಹೋಗಿ ಬಂದೆ, ಒಮ್ಮೆ ಅನಘಾ ಮತ್ತು ಮಗುವಿನ ಜೊತೆ. ಧೃತಿ ಅವರ ನಿಘಂಟಿನ ಮೇಲೆ ಕೂತು ಬಿಸ್ಕೆಟ್ ತಿಂದಳು. ಅಷ್ಟರಲ್ಲಿ ಅವರಿಗೆ ಒಂದು ಟ್ಯೂಷನ್ ಸೆಂಟರ್‌ನಲ್ಲಿ ಶನಿವಾರ ದೊಡ್ಡವರಿಗೆ ಜರ್ಮನ್ ಕಲಿಸುವ ಕೆಲಸ ಸಿಕ್ಕಿತ್ತು. ವಾರದ ಉಳಿದ ದಿನ ಏನು ಮಾಡುತ್ತೀರಿ ಎಂದು ಅನಘಾ ಕೇಳಿದಾಗ, “ಪಾಠ ತಯಾರಿ ಮಾಡ್ತೀನಮ್ಮ,” ಎಂದರು. ಮೂರು ಗಂಟೆಯ ಪಾಠಕ್ಕೆ ಆರು ದಿನದ ತಯಾರಿ.

೨೦೧೯ರಲ್ಲಿ ನಾವು ಬೆಂಗಳೂರಿಗೆ ವಾಪಸ್ ಶಿಫ್ಟ್ ಆದೆವು. ಹೊರಡುವ ಮುಂಚೆ ಯಿಶುನ್‌ಗೆ ಹೋಗಬೇಕೆಂದಿದ್ದೆ, ಪ್ಯಾಕಿಂಗ್ ಗಡಿಬಿಡಿಯಲ್ಲಿ ಆಗಲಿಲ್ಲ. ಏರ್‌ಪೋರ್ಟಿನಿಂದ ಕರೆ ಮಾಡಿದೆ, ತೆಗೆಯಲಿಲ್ಲ, ಹೊರಟಿದ್ದೇವೆಂದು ಮೆಸೇಜ್ ಹಾಕಿದೆ. ಶನಿವಾರ ಎಂಬುದು ಆಮೇಲೆ ನೆನಪಾಯಿತು. ವಿಮಾನ ಹತ್ತುವ ಹೊತ್ತಿಗೆ ಅವರ ಮೆಸೇಜ್ ಬಂತು: “ಕ್ಲಾಸ್‌ನಲ್ಲಿದ್ದೆ. ಎಂಟು ಜನ ಸೇರಿದ್ದಾರೆ, ಇವತ್ತು ಐದು ಜನ ಬಂದಿದ್ದರು. ಹೋಗಿ ಬನ್ನಿ. ಮಗುಗೆ ಕಿವಿ ನೋಯಬಹುದು, ಮೇಲೆ ಏರುವಾಗ ಏನಾದರೂ ಕುಡಿಸಿ.”